ಆಯ್ತಣ್ಣನ ಆರ್ಚ್‌ಬಿಷಪ್

ಬಹರೈನಿನ ನಮ್ಮ ಕರಾವಳಿಯವರ ನಡುವೆ ಅವರಿಗಿದ್ದ ಹೆಸರು ಆಯ್ತಣ್ಣ. ಯಾರು ಏನು ಕೇಳಿದರೂ "ಆಯ್ತು, ಮಾಡುವ" ಎನ್ನುತ್ತಿದ್ದರಿಂದ ಹಾಗೆ ಬಂದದ್ದು. ತಂದೆತಾಯಿ ಇಟ್ಟ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಂಕೋಚವಾಗುತ್ತದೆ. ಆದರೂ ಕೇಳಿದರೆ "ಆಯ್ತು, ಬರೀರಿ" ಎಂದೇ ಅನ್ನುತ್ತಾರೆ.

ಕಳೆದ ತಿಂಗಳು ಅವರು ನಿವೃತ್ತರಾಗಿ ಹೆಂಡತಿಯೊಡನೆ ಊರಿಗೆ ಹೋದರು. ಬುಸೈತೀನಿನಲ್ಲಿ ನಮ್ಮ ಫ್ಲಾಟಿನ ಕೆಳಗಿನದೇ ಅವರ ಫ್ಲಾಟು. ಬೆಳಿಗ್ಗೆ ನಾನು ಸೀಫ್‌ನ ಬ್ಯಾಂಕಿಗೆ ಹೊರಟಾಗ ಅವರೂ ಕೆಲಸಕ್ಕೆ ಹೊರಟಿರುತ್ತಿದ್ದರು. ಲಿಫ್ಟಿನ ಬಾಗಿಲು ತೆರೆದರೆ, ಕೈಯಲ್ಲಿ ಹೆಲ್ಮೆಟ್ ಹಿಡಿದು ನಿಂತವರು ಒಳಗೆ ಬರುತ್ತಿರಲಿಲ್ಲ. "ನೀವು ಹೋಗಿ ಮೇಡಂ, ನಾನು ಮತ್ತೆ ಬರ್ತೇನೆ." ಒಳಗೆ ಇನ್ನೂ ನಾಲ್ಕು ಜನ ನಿಲ್ಲುವಷ್ಟು ಜಾಗವಿದ್ದರೂ ಅದೇ ಮಾತು.

ಮೀನಾ ಸಲ್ಮಾನ್ ಬಂದರಿನ ಹಡಗು ರಿಪೇರಿ ಕಂಪನಿಯೊಂದರಲ್ಲಿ ಅವರು ಸೇಫ್ಟಿ ಆಫೀಸರ್. ಕೆಲಸಗಾರರು ಹೆಲ್ಮೆಟ್ ಹಾಕಿದ್ದಾರೋ, ಎತ್ತರಕ್ಕೆ ಹತ್ತುವವರು ಬೆಲ್ಟು ಕಟ್ಟಿದ್ದಾರೋ ಎಂದು ನೋಡುವುದು, ಅಪಾಯ ಕಂಡರೆ ಕೆಲಸ ನಿಲ್ಲಿಸುವುದು. ಬೇಡ ಎನ್ನಲು ಬಾರದ ಮನುಷ್ಯನಿಗೆ ಬೇಡ ಎನ್ನುವುದೇ ಉದ್ಯೋಗ. ನನ್ನ ಗಂಡ ಇದನ್ನು ನೆನೆದು ಎಷ್ಟೋ ಸಲ ನಕ್ಕದ್ದುಂಟು.

ಒಮ್ಮೆ ಮುಹರ್ರಕ್‌ನ ನನ್ನ ಅರಬ್ ಸಹೋದ್ಯೋಗಿಯೊಬ್ಬರ ಮನೆಗೆ ನಾವೆಲ್ಲ ಹೋಗಿದ್ದೆವು. ಅಲ್ಲಿ ಮನೆಯ ಹಿರಿಯರು ಸಣ್ಣ ಕಪ್ಪಿನಲ್ಲಿ ಕಹ್ವಾ, ಅಂದರೆ ಅರಬ್ಬರ ಕಾಫಿ, ಕೊಡುತ್ತಾರೆ. ಸಾಕು ಎನ್ನಬೇಕಾದರೆ ಕಪ್ಪನ್ನು ಸ್ವಲ್ಪ ಅಲುಗಾಡಿಸಬೇಕು, ಇಲ್ಲವಾದರೆ ಹೊಯ್ಯುತ್ತಲೇ ಇರುತ್ತಾರೆ. ಆಯ್ತಣ್ಣ ಕುಡಿದರು, ಮತ್ತೆ ಕುಡಿದರು, ಕುಡಿಯುತ್ತಲೇ ಇದ್ದರು. ಹೊರಗೆ ಬಂದ ಮೇಲೆ ನಾನು, "ಕಪ್ ಅಲುಗಾಡಿಸುವುದು ನಿಮಗೆ ಗೊತ್ತಿಲ್ವಾ?" ಎಂದೆ. "ಗೊತ್ತಿಲ್ಲದೆ ಎಂತ, ಇಷ್ಟು ವರ್ಷ ಆಯ್ತಲ್ಲ ಇಲ್ಲಿ. ಪಾಪ, ಆ ಮುದುಕರು ಅಷ್ಟು ಪ್ರೀತಿಯಲ್ಲಿ ಹೊಯ್ಯುವಾಗ ಸಾಕು ಅನ್ಲಿಕ್ಕೆ ಮನಸ್ಸು ಬರ್ಬೇಕಲ್ಲ" ಎಂದರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲವೆಂದು ಮರುದಿನ ಅವರ ಹೆಂಡತಿ ಹೇಳಿದರು.

ಇಲ್ಲಿನ ನಮ್ಮ ಕನ್ನಡ ಸಂಘದ ಚುನಾವಣೆಯಲ್ಲಿ ಎರಡು ಬಣದವರೂ ಅವರನ್ನೇ ನಿಲ್ಲಿಸುತ್ತಿದ್ದರು. ಎರಡೂ ಬಣಕ್ಕೆ ಅವರು ಆಯ್ತು ಎಂದಿರುತ್ತಿದ್ದರು.

ನಮ್ಮ ಸಂಘದಲ್ಲಿ ತಾಳಮದ್ದಳೆಯ ಒಂದು ಸಣ್ಣ ತಂಡವಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಸಾಲಾಗಿ ಕುಳಿತ ನಾವು ಪಾತ್ರಗಳಾಗಿ ಮಾತಿನಲ್ಲಿ ಅರ್ಥ ಹೇಳುತ್ತೇವೆ, ಎದುರಿನ ಪಾತ್ರದೊಡನೆ ವಾದಕ್ಕೆ ಇಳಿಯುತ್ತೇವೆ. ವಾದವೇ ಅದರ ಜೀವ. ಆಯ್ತಣ್ಣನಿಗೆ ಒಳ್ಳೆಯ ಸ್ವರವಿತ್ತು, ಒಳ್ಳೆಯ ಕನ್ನಡವಿತ್ತು. ವಾದ ಮಾತ್ರ ಬರುತ್ತಿರಲಿಲ್ಲ. ಒಂದು ಪ್ರಸಂಗದಲ್ಲಿ ಸಂಧಾನಕ್ಕೆ ಹೋದ ದೂತನಾಗಿ ಕುಳಿತವರು, ಎದುರಿನ ಅರಸ ರಾಜ್ಯವನ್ನು ಯಾಕೆ ಕೊಡಬಾರದೆಂದು ವಿವರಿಸಿದಾಗ ತಲೆಯಾಡಿಸಿ, "ಅದೂ ಸರಿಯೇ ಮಹಾರಾಜ" ಎಂದುಬಿಟ್ಟರು. ಅರಸ ಕಕ್ಕಾಬಿಕ್ಕಿ. ಭಾಗವತರು ಗಡಿಬಿಡಿಯಲ್ಲಿ ಮುಂದಿನ ಪದ ಎತ್ತಿ ಯುದ್ಧವನ್ನು ಉಳಿಸಿಕೊಂಡರು.

ಭಾಗವತರೆಂದರೆ ಮನಾಮಾದಲ್ಲಿ ಕೋಲ್ಡ್ ಸ್ಟೋರ್ ನಡೆಸುತ್ತಿದ್ದ ಮೂಲ್ಕಿಯ ಹಿರಿಯರು. ಹಾಲಿನ ಪ್ಯಾಕೆಟ್ಟು, ಖುಬ್ಬೂಸ್ ರೊಟ್ಟಿ ಮಾರುತ್ತಲೇ ಹೊಸ ಪದ ಕಟ್ಟುತ್ತಿದ್ದರು. ಅವರ ಅಂಗಡಿಗೆ ಬರುತ್ತಿದ್ದ ಮಂಗಳೂರಿನ ಪಾದ್ರಿಯೊಬ್ಬರು, ಇಲ್ಲಿನ ಕನ್ನಡ ಪ್ರೊಟೆಸ್ಟೆಂಟರ ಸಣ್ಣ ಸಭೆಗೆ ಉಪದೇಶ ಮಾಡುವವರು, ಒಮ್ಮೆ ಅವರಿಗೆ ಇಂಗ್ಲೆಂಡಿನ ಹಳೆಯ ಆರ್ಚ್‌ಬಿಷಪ್ ಒಬ್ಬರ ಕತೆ ಹೇಳಿದರಂತೆ. ಭಾಗವತರು ಆ ವಾರವೇ ನಮ್ಮನ್ನೆಲ್ಲ ಸೇರಿಸಿದರು.

"ದೇವರ ಪ್ರಾರ್ಥನೆ ಲ್ಯಾಟಿನಿನಲ್ಲಿ ಇದ್ದದ್ದನ್ನು ಜನರ ಭಾಷೆಗೆ ತಂದವ. ರಾಜ, ರಾಣಿ, ಜೈಲು, ಕೊನೆಗೆ ಬೆಂಕಿ. ಇದಕ್ಕಿಂತ ಒಳ್ಳೆ ಪ್ರಸಂಗ ಎಲ್ಲುಂಟು ಮಾರಾಯ್ರೆ?" ಎಂದರು. "ಅವರ ಸಭೆಯವರೂ ಬರ್ತಾರೆ, ನಾವೂ ಸೇರುವ. ಒಟ್ಟಿಗೆ ಒಂದು ಕಾರ್ಯಕ್ರಮ ಆಗ್ಲಿ."

ಕತೆ ಕೇಳಿದ ಮೇಲೆ ನಮ್ಮ ದೊಡ್ಡ ಅರ್ಥಧಾರಿಗಳೆಲ್ಲ ರಾಜನ ಪಾತ್ರಕ್ಕೇ ಬಿದ್ದರು. ಒಬ್ಬಳನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಳ್ಳಲು ಹೊರಟು ಧರ್ಮಗುರುಗಳನ್ನೇ ಎದುರುಹಾಕಿಕೊಂಡ ರಾಜ. ಗರ್ಜಿಸಲು ಬೇಕಾದಷ್ಟು ಅವಕಾಶ. ಆ ರಾಜನ ಮಗಳು, ಮುಂದೆ ಪಟ್ಟಕ್ಕೆ ಬಂದು ಆರ್ಚ್‌ಬಿಷಪ್ಪನನ್ನು ಸೆರೆಗೆ ಹಾಕಿಸಿದ ರಾಣಿ, ನನಗೆ ಬಂದಳು. ಆರ್ಚ್‌ಬಿಷಪ್ ಯಾರಿಗೂ ಬೇಡವಾಗಿ ಉಳಿದ. "ಬರೀ ಹೌದು ಹೌದು ಅನ್ನುವ ಪಾತ್ರ ಅದು" ಎಂದು ಒಬ್ಬರು ಹೇಳಿದರು. ಎಲ್ಲರೂ ಒಂದೇ ಕಡೆ ತಿರುಗಿ ನೋಡಿದೆವು.

"ಆಯ್ತು, ಮಾಡುವ" ಎಂದರು ಆಯ್ತಣ್ಣ.

ಅವರು ಪಾದ್ರಿಗಳಿಂದ ದಪ್ಪದೊಂದು ಪುಸ್ತಕ ತಂದು ಓದತೊಡಗಿದರು. ಆ ದಿನಗಳಲ್ಲಿ ಅವರಿಗೆ ಬೇರೆ ಮಾತೇ ಇರಲಿಲ್ಲ. ನನ್ನನ್ನು ಮೇಡಂ ಎನ್ನುವುದನ್ನು ಬಿಟ್ಟು "ರಾಣಿಯವರೇ" ಎಂದು ಕರೆಯತೊಡಗಿದರು. ಕಟ್ಟಡದ ಕೆಳಗೆ ಕಾರು ನಿಲ್ಲಿಸುವಲ್ಲಿ ಸಿಕ್ಕರೂ ಸಾಕು, ಐನೂರು ವರ್ಷ ಹಿಂದಿನ ಆ ಮನುಷ್ಯನ ಸುದ್ದಿ.

"ಗೊತ್ತುಂಟಾ ರಾಣಿಯವರೇ, ಅವ ದೊಡ್ಡ ಬುದ್ಧಿವಂತ ಏನಲ್ಲ. ಕಾಲೇಜಿನಲ್ಲಿ ನಿಧಾನಕ್ಕೆ ಓದಿ ಪಾಸಾದವ. ಯಾರದೋ ಮನೆಯಲ್ಲಿ ಊಟಕ್ಕೆ ಕೂತಾಗ ರಾಜನ ಮದುವೆ ತಕರಾರಿನ ಬಗ್ಗೆ ಒಂದು ಸಲಹೆ ಹೇಳಿದ. ಅದು ಹೋಗಿ ರಾಜನ ಕಿವಿಗೆ ಬಿತ್ತು. ಅಲ್ಲಿಂದ ಶುರು."

ಆರ್ಚ್‌ಬಿಷಪ್ ಆಗಬೇಕೆಂದು ರಾಜನ ಕರೆ ಹೋದಾಗ ಆ ಮನುಷ್ಯ ಜರ್ಮನಿಯ ಕಡೆ ಇದ್ದನಂತೆ. ಅಲ್ಲಿ ಗುಟ್ಟಾಗಿ ಮದುವೆಯೂ ಆಗಿತ್ತು. ಪಾದ್ರಿಗಳು ಮದುವೆಯಾಗಬಾರದ ಕಾಲ ಅದು. ರಾಜನ ಮನಸ್ಸು ಬದಲಾಗಲಿ ಎಂದು ದಾರಿಯಲ್ಲಿ ಬೇಕೆಂದೇ ತಡಮಾಡುತ್ತ ಬಂದನಂತೆ. ರಾಜನ ಮನಸ್ಸು ಬದಲಾಗಲಿಲ್ಲ. "ಬೇಡ ಅನ್ಲಿಕ್ಕೆ ಬಾಯಿ ಬಂದಿಲ್ಲ ನೋಡಿ. ನಿಧಾನ ಮಾಡಿದ, ಅಷ್ಟೇ" ಎಂದು ಹೇಳುವಾಗ ಆಯ್ತಣ್ಣನ ಮುಖದಲ್ಲಿ ಸ್ವಂತ ಅಣ್ಣನ ಸುದ್ದಿ ಹೇಳುವವರ ಕಕ್ಕುಲಾತಿ.

ಮುಂದೆ ಆತ ವರ್ಷಗಟ್ಟಲೆ ಹೆಂಡತಿಯನ್ನು ಲೋಕದ ಕಣ್ಣಿಗೆ ಬೀಳದಂತೆ ಇಟ್ಟುಕೊಂಡ. ರಾಜ ಮಾಡಿದ್ದಕ್ಕೆಲ್ಲ ತಲೆಯಾಡಿಸಿದ. ರಾಜ ಸಾಯುವಾಗ ಹಿಡಿದುಕೊಂಡದ್ದು ಇವನ ಕೈಯನ್ನೇ. ಆಮೇಲೆ ಪಟ್ಟಕ್ಕೆ ಬಂದ ಅವನ ಮಗನ, ಎಳೆಯ ರಾಜನ, ಕಾಲದಲ್ಲಿ ತನ್ನ ಮನಸ್ಸಿನ ಕೆಲಸ ಮಾಡಿದ. ಮದುವೆಗೆ, ಮಣ್ಣಿಗೆ, ಬೆಳಗಿಗೆ, ಸಂಜೆಗೆ ಬೇಕಾದ ಪ್ರಾರ್ಥನೆಗಳನ್ನೆಲ್ಲ ರೈತನಿಗೂ ಅರ್ಥವಾಗುವ ಇಂಗ್ಲಿಷಿನಲ್ಲಿ ತಿದ್ದಿ ಬರೆದ. ಪಾದ್ರಿಗಳು ಅದರ ಕೆಲವು ಸಾಲುಗಳನ್ನು ಕನ್ನಡದಲ್ಲಿ ಹೇಳಿ ತೋರಿಸಿದಾಗ ಭಾಗವತರು ಕಣ್ಣು ಮುಚ್ಚಿ ಕೇಳಿ, "ತಾಳಕ್ಕೆ ಕೂರ್ತದೆ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ.

ಎಳೆಯ ರಾಜ ಬೇಗ ತೀರಿಕೊಂಡ. ಹಳೆಯ ಕ್ಯಾಥೊಲಿಕ್ ಮತದ ಅಕ್ಕ ರಾಣಿಯಾಗಿ ಬಂದಳು. ಆರ್ಚ್‌ಬಿಷಪ್ ಸೆರೆಗೆ ಬಿದ್ದ. ಗೆಳೆಯರಿಬ್ಬರನ್ನು ಜೀವಂತ ಸುಡುವುದನ್ನು ಕಣ್ಣಾರೆ ನೋಡುವಂತೆ ಮಾಡಿದರು. ಮುದುಕ ಹೆದರಿದ. ತಾನು ಜೀವಮಾನವಿಡೀ ನಂಬಿದ್ದು ತಪ್ಪೆಂದು ಬರೆದುಕೊಟ್ಟ.

"ಕೆಲವರು ಇವನನ್ನು ಹೇಡಿ ಅಂತಾರೆ" ಎಂದರು ಒಂದು ದಿನ ಆಯ್ತಣ್ಣ. "ನನಗೆ ಹಾಗೆ ಕಾಣುವುದಿಲ್ಲ. ಎದುರಿನವ ಹೇಳಿದ್ರಲ್ಲಿಯೂ ಅವನಿಗೆ ಸತ್ಯ ಕಾಣ್ತಿತ್ತು. ಅದೇ ಅವನ ತೊಂದ್ರೆ."

ಕಾರ್ಯಕ್ರಮ ಹತ್ತಿರ ಬಂದಾಗ ಒಂದು ಅಭ್ಯಾಸಕ್ಕೆ ಅವರು ಬರಲಿಲ್ಲ. ಮುಂದಿನದಕ್ಕೆ ಬಂದರು, ಮಾತಿಗೆ ಮುಖ ಎತ್ತಲಿಲ್ಲ. ಮುಗಿದ ಮೇಲೆ ನಮ್ಮ ಕಾರಿನ ಬಳಿ ನಿಂತು ನನಗೂ ನನ್ನ ಗಂಡನಿಗೂ ವಿಷಯ ಹೇಳಿದರು.

ಅವರ ಕಂಪನಿಯಲ್ಲಿ ಒಬ್ಬ ಕೆಲಸಗಾರ ಬಿದ್ದಿದ್ದ. ಬಿಹಾರದವನು, ಇಬ್ಬರು ಹೆಣ್ಣುಮಕ್ಕಳ ತಂದೆ. ಹಡಗಿನ ಮೈಗೆ ಬಣ್ಣ ಹೊಡೆಯಲು ಕಬ್ಬಿಣದ ಪೈಪು, ಹಲಗೆಗಳಿಂದ ಅಟ್ಟ ಕಟ್ಟುತ್ತಾರೆ. ಮೇಲಿನ ಸಾಲಿನ ಪೈಪುಗಳು ಬಿಗಿಯಾಗಿಲ್ಲವೆಂದು ಆಯ್ತಣ್ಣ ಬೆಳಿಗ್ಗೆಯೇ ಕಂಡು ಮುದೀರ್‌ಗೆ, ಅಂದರೆ ಮ್ಯಾನೇಜರ್‌ಗೆ, ಹೇಳಿದ್ದರು. ಹಡಗು ಹೊರಡುವ ಅವಸರ. "ಕೆಲಸ ನಡೀಲಿ, ಸಂಜೆ ನೋಡುವ" ಎಂದ ಮುದೀರ್. ಇವರು ಆಯ್ತು ಎಂದರು. ಮಧ್ಯಾಹ್ನದೊಳಗೆ ಆ ಮನುಷ್ಯ ಬೆಲ್ಟಿನ ಕೊಕ್ಕೆ ಸಿಕ್ಕಿಸಿದ್ದ ಪೈಪೇ ಕಿತ್ತುಬಂದು ಅವನು ಕೆಳಗೆ ಬಿದ್ದ. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು.

"ಅವ ಬೆಲ್ಟ್ ಕಟ್ಟದೆ ಹತ್ತಿದ, ತಪ್ಪು ಅವನದ್ದೇ ಅಂತ ರಿಪೋರ್ಟ್ ಆಯ್ತು" ಎಂದರು ಆಯ್ತಣ್ಣ. "ಮುದೀರ್ ಹೆಗಲಿಗೆ ಕೈ ಹಾಕಿ, ಒಂದು ಸಹಿ ಅಷ್ಟೇ ಹಬೀಬಿ, ಖಲಾಸ್ ಅಂದ. ನಾನು ಹಾಕಿದೆ."

"ಅವನಿಗೆ ಎಂತ ಆಗ್ತದೆ ಈಗ?" ನನ್ನ ಗಂಡ ಕೇಳಿದರು.

"ಕೆಲಸದಿಂದ ತೆಗೆದು ಊರಿಗೆ ಕಳಿಸ್ತಾರೆ. ಮುರಿದ ಕಾಲಿನಲ್ಲೇ." ಆಯ್ತಣ್ಣ ಮುಂದುವರಿಸಿದರು. "ನಿನ್ನೆ ಆಸ್ಪತ್ರೆಗೆ ಕಿತ್ತಳೆ ತಗೊಂಡು ಹೋಗಿದ್ದೆ. ಅವನಿಗೆ ರಿಪೋರ್ಟಿನ ವಿಷಯ ಗೊತ್ತಿಲ್ಲ. ನನ್ನ ಕೈ ಹಿಡ್ಕೊಂಡು, ಸಾಬ್, ಆಪ್ ಹೈ ತೋ ಫಿಕರ್ ನಹೀಂ ಅಂದ. ನೀವಿದ್ದೀರಿ, ನನಗೆಂತ ಚಿಂತೆ ಅಂತ. ನಾನು ಅದಕ್ಕೂ ತಲೆಯಾಡಿಸಿ ಬಂದೆ."

ಅವರ ಮತ್ತು ಹೆಂಡತಿಯ ವೀಸಾ ಆ ಕಂಪನಿಯದ್ದು. ಅಲ್ಲಿಯ ಕೆಲಸ ಹೋದರೆ ಇಬ್ಬರೂ ಊರಿಗೆ ಹೊರಡಬೇಕು.

ಶುಕ್ರವಾರ ಮಧ್ಯಾಹ್ನ, ಊಟದ ನಂತರ ಕಾರ್ಯಕ್ರಮ. ಇಲ್ಲಿ ಶುಕ್ರ, ಶನಿ ರಜೆ. ಸಂಘದ ಸಭಾಂಗಣ ತುಂಬಿತ್ತು. ಒಂದು ಬದಿಯಲ್ಲಿ ನಮ್ಮವರು, ಇನ್ನೊಂದು ಬದಿಯಲ್ಲಿ ಪಾದ್ರಿಗಳ ಸಭೆಯವರು, ಹಿಂದೆ ಮಕ್ಕಳು ಇಂಗ್ಲಿಷಿನಲ್ಲಿ ಗಲಾಟೆ ಮಾಡುತ್ತ. ರಾಜನ ಗರ್ಜನೆಗೆ ಚಪ್ಪಾಳೆ ಬಿತ್ತು. ಆಯ್ತಣ್ಣ ಎಂದಿನಂತೆ ಮೆಲ್ಲಗೆ, ಚೆನ್ನಾಗಿ ಅರ್ಥ ಹೇಳಿದರು. ಪ್ರಾರ್ಥನೆಗಳನ್ನು ಜನರ ಮಾತಿಗೆ ತಿರುಗಿಸುವ ಭಾಗದಲ್ಲಿ ಎರಡೂ ಬದಿಯವರು ತಲೆದೂಗಿದರು.

ಕೊನೆಯ ಭಾಗ ಬಂತು. ತಪ್ಪೊಪ್ಪಿ ಬರೆದುಕೊಟ್ಟರೂ ಅವನನ್ನು ಸುಡುವುದೆಂದೇ ತೀರ್ಮಾನವಾಗಿತ್ತು. ಅದಕ್ಕೆ ಮೊದಲು, ಬರೆದುಕೊಟ್ಟದ್ದನ್ನು ಚರ್ಚಿನಲ್ಲಿ ಜನರೆದುರು ಬಾಯಿಬಿಟ್ಟು ಹೇಳಬೇಕೆಂದು ಆರ್ಚ್‌ಬಿಷಪ್ಪನನ್ನು ನಿಲ್ಲಿಸಿದ ಸಂದರ್ಭ. ಇತಿಹಾಸದಲ್ಲಿ ರಾಣಿ ಅಲ್ಲಿ ಇರಲಿಲ್ಲವೆಂದು ಪಾದ್ರಿಗಳು ಹೇಳಿದ್ದರು. "ತಾಳಮದ್ದಳೆಯಲ್ಲಿ ಇರ್ಬೇಕು" ಎಂದು ಭಾಗವತರು ತೀರ್ಮಾನಿಸಿದ್ದರು.

"ಹೇಳು" ಎಂದೆ ನಾನು. "ನಿನ್ನ ಕೈಯಾರೆ ಬರೆದುಕೊಟ್ಟ ಮಾತನ್ನು ಈ ಜನರ ಮುಂದೆ ನಿನ್ನ ಬಾಯಾರೆ ಹೇಳು."

ಭಾಗವತರು ಪದ ಹಾಡಿದರು. ಆಯ್ತಣ್ಣ ಮಾತಾಡಲಿಲ್ಲ. ಮಾತು ಮರೆತಿರಬೇಕೆಂದು ಭಾಗವತರು ಅದೇ ಪದವನ್ನು ಇನ್ನೊಮ್ಮೆ ಎತ್ತಿದರು. ಆಗಲೂ ಇಲ್ಲ. ಮದ್ದಳೆ ನಿಂತಿತು. ಹಿಂದಿನ ಮಕ್ಕಳೂ ಸುಮ್ಮನಾದರು. ನಾನು ಪಕ್ಕಕ್ಕೆ ನೋಡಿದೆ. ಇನ್ನೂ ಕಾದರೆ ಪ್ರಸಂಗ ಕುಸಿಯುತ್ತದೆ ಎಂದುಕೊಂಡು ನಾನೇ ಕೆಣಕಿದೆ.

"ಯಾಕೆ ಸುಮ್ಮನಿದ್ದೀಯೆ? ನನ್ನ ತಂದೆ ಹೇಳಿದ್ದಕ್ಕೆ ಆಯ್ತು ಎಂದೆ, ನನ್ನ ತಮ್ಮ ಹೇಳಿದ್ದಕ್ಕೆ ಆಯ್ತು ಎಂದೆ. ಜೀವಮಾನವೆಲ್ಲ ಆಯ್ತು ಆಯ್ತು ಎಂದವನಿಗೆ ಇವತ್ತೊಂದು ದಿನ ಕಷ್ಟವೇ?"

ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ಯಾರೋ "ಆಯ್ತಣ್ಣಾ!" ಎಂದು ಕೂಗಿದರು. ಆ ನಗು ಪೂರ್ತಿ ಇಳಿಯುವವರೆಗೆ ಅವರು ಕಾದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೌದು ಮಹಾರಾಣಿ, ನಾನು ಆಯ್ತು ಎಂದವನೇ. ಕೆಲವಕ್ಕೆ ಮನಸಾರೆ ಒಪ್ಪಿ ಎಂದೆ. ಕೆಲವಕ್ಕೆ ಎದುರಿನವರಿಗೆ ನೋವಾಗದಿರಲಿ ಎಂದು ಎಂದೆ. ಅವುಗಳಿಗಾಗಿ ನನಗೆ ಪಶ್ಚಾತ್ತಾಪವಿಲ್ಲ. ಒಂದಕ್ಕೆ ಮಾತ್ರ ಪ್ರಾಣಭಯದಲ್ಲಿ ಎಂದೆ. ಅದೊಂದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

ನಾನು ಬಿಡಲಿಲ್ಲ. ಬಿಡಬಾರದು, ಅದು ತಾಳಮದ್ದಳೆಯ ಧರ್ಮ. "ಸಹಿ ನಿನ್ನದಲ್ಲವೇ?"

"ಸಹಿ ನನ್ನದು. ಮಾತು ನನ್ನದಲ್ಲ."

"ಬೆಂಕಿ ಸಿದ್ಧವಾಗಿದೆ, ನೆನಪಿರಲಿ."

"ಬೆಂಕಿಯನ್ನು ನೋಡಿಯೇ ಅಲ್ಲವೇ ಬರೆದುಕೊಟ್ಟದ್ದು. ಈಗ ಅದನ್ನು ನೋಡುತ್ತಲೇ ಹೇಳುತ್ತಿದ್ದೇನೆ."

"ನೀನೊಬ್ಬ ಹೇಳಿದರೆ ಏನಾದೀತು? ನಾಳೆ ನಿನ್ನ ಬೂದಿಯೂ ಉಳಿಯುವುದಿಲ್ಲ."

"ನನ್ನನ್ನು ನಂಬಿದವರು ಹೊರಗೆ ನಿಂತಿದ್ದಾರೆ ಮಹಾರಾಣಿ. ನಾನು ಅವರ ಪರವಾಗಿ ಇದ್ದೇನೆ ಎಂದುಕೊಂಡಿದ್ದಾರೆ. ಅದು ಸುಳ್ಳಾಗಬಾರದು."

ವರ್ಷಗಳ ಕಾಲ ಯಾರ ವಾದಕ್ಕೂ ಎದುರು ನಿಲ್ಲದ ಮನುಷ್ಯ ಅಂದು ಒಂದೊಂದು ಮಾತಿಗೂ ಉತ್ತರ ಕೊಟ್ಟರು. ದನಿ ಏರಲಿಲ್ಲ. ಕಡೆಗೆ, ಬರೆದ ಕೈಯೇ ಮೊದಲು ಸುಡಲಿ ಎಂದು ಹೇಳಿ ಬಲಗೈಯನ್ನು ಮುಂದಕ್ಕೆ ಚಾಚಿದರು. ಆ ಆರ್ಚ್‌ಬಿಷಪ್ ನಿಜಕ್ಕೂ ಹಾಗೆಯೇ ಮಾಡಿದ್ದನಂತೆ. ಎದುರಿಗೆ ಇದ್ದದ್ದು ಮೈಕು, ನೀರಿನ ಬಾಟಲಿ. ಆದರೂ ಮುಂದಿನ ಸಾಲಿನ ಹೆಂಗಸೊಬ್ಬರು ಬಾಯಿಗೆ ಸೆರಗು ಒತ್ತಿಕೊಂಡರು. ಭಾಗವತರು ಮಂಗಳ ಹಾಡಿಬಿಟ್ಟರು. ಎರಡೂ ಬದಿಯ ಜನ ಎದ್ದು ನಿಂತಿದ್ದರು.

ಸಂಜೆ ನಮ್ಮ ಕಾರಿನಲ್ಲೇ ಅವರಿಬ್ಬರನ್ನು ಕರೆದುಕೊಂಡು ಬಂದೆವು. ಮುಹರ್ರಕ್‌ನ ಸೇತುವೆ ದಾಟುವಾಗ ಹಿಂದಿನ ಸೀಟಿನಿಂದ ಆಯ್ತಣ್ಣ ಹೆಂಡತಿಗೆ ಹೇಳಿದರು, "ನಾಡಿದ್ದು ಆದಿತ್ಯವಾರ ಕೆಲಸಕ್ಕೆ ಹೋಗುವ ಮೊದ್ಲು ನನಗೆ ಇನ್ನೊಂದು ಕಡೆ ಹೋಗ್ಲಿಕ್ಕುಂಟು."

"ಗೊತ್ತಾಯ್ತು" ಎಂದರು ಅವರು.

"ವೀಸಾ ಹೋದ್ರೂ ಹೋಯ್ತು."

"ಹೋಗ್ಲಿ. ಊರಲ್ಲೂ ಬಂಗುಡೆ ಸಿಗ್ತದೆ."

ನನ್ನ ಗಂಡ ನಗು ತಡೆಯಲಾರದೆ ಸ್ಟೀರಿಂಗ್ ಮೇಲೆ ಬಡಿದರು. ನಾಲ್ವರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು.

ಆದಿತ್ಯವಾರ ಅವರು ಕೆಲಸಗಾರರ ಅಪಘಾತಗಳ ವಿಚಾರಣೆ ಮಾಡುವ ಕಚೇರಿಗೆ ಹೋದರು. ಅಲ್ಲಿದ್ದ ಅಧಿಕಾರಿ, ವಯಸ್ಸಾದ ಬಹರೈನಿ, ಎಲ್ಲವನ್ನೂ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರಂತೆ: ಬೆಳಿಗ್ಗೆಯೇ ಅಪಾಯ ಕಂಡಿದ್ದರೂ ಕೆಲಸ ನಿಲ್ಲಿಸಲಿಲ್ಲವಲ್ಲ, ಹಾಗಾದರೆ ನಿಮ್ಮ ತಪ್ಪೂ ಇದರಲ್ಲಿ ಬರುತ್ತದಲ್ಲವೇ?

"ಬರ್ತದೆ. ಅದನ್ನೂ ಬರ್ಕೊಳ್ಳಿ ಅಂದೆ" ಎಂದು ಆಯ್ತಣ್ಣ ನಮಗೆ ಹೇಳಿದರು. ಆಗ ಆ ಅಧಿಕಾರಿ ಪೆನ್ನು ಕೆಳಗಿಟ್ಟು, ಎದ್ದು ಬಂದು ಇವರ ಕೈ ಕುಲುಕಿದರಂತೆ. ಆಮೇಲೆ ಕುಳಿತು, ಅದನ್ನೂ ಬರೆದುಕೊಂಡರಂತೆ.

ತನಿಖೆಯವರು ಬಂದು ಅಟ್ಟವನ್ನೆಲ್ಲ ಬಿಚ್ಚಿಸಿ ನೋಡಿದರು. ಬಿದ್ದವನ ಬೆಲ್ಟು, ಕಿತ್ತುಬಂದ ಪೈಪಿನ ಜೊತೆ ಇನ್ನೂ ಅಲ್ಲೇ ಮೂಲೆಯಲ್ಲಿತ್ತು, ಕೊಕ್ಕೆ ಸಿಕ್ಕಿಸಿದಂತೆಯೇ. ಅವನ ಮೇಲಿನ ಆರೋಪ ಹೋಯಿತು, ಚಿಕಿತ್ಸೆ ಪೂರ್ತಿಯಾಗಿ ಇಲ್ಲೇ ನಡೆಯಿತು. ಕೆಲಸ ನಿಲ್ಲಿಸದೆ ಬಿಟ್ಟದ್ದಕ್ಕೆ ಆಯ್ತಣ್ಣನಿಗೆ ಆ ಕಚೇರಿಯ ಮೇಲಿನವರಿಂದ ಎಚ್ಚರಿಕೆಯ ಪತ್ರ ಬಂತು. ಅದರ ಹಿಂದೆಯೇ ಮುದೀರ್ ಅವರನ್ನು ಕೆಲಸದಿಂದ ತೆಗೆದ. ಊರಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದಾಗ ಬಂದರಿನ ಇನ್ನೊಂದು ಕಂಪನಿಯ ಯಜಮಾನರಿಂದ ಫೋನು. ನೀವು ಹಾಗೆ ಮಾಡಿದ್ದು ನಿಜವೇ ಎಂದು ಕೇಳಿದರಂತೆ ಅವರು. ಇವರು ನಿಜ ಎಂದಾಗ, ನನ್ನ ಯಾರ್ಡಿಗೆ ಬನ್ನಿ, ನೀವು ನಿಲ್ಲಿಸಿದ ಕೆಲಸವನ್ನು ನಾನೂ ಶುರು ಮಾಡಿಸುವುದಿಲ್ಲ ಎಂದರಂತೆ.

ಆ ಮಾತನ್ನು ಯಜಮಾನರು ಉಳಿಸಿಕೊಂಡರು. ಕೆಲಸದಿಂದ ನಿವೃತ್ತರಾಗುವವರೆಗೂ ಆಯ್ತಣ್ಣ ಅಲ್ಲೇ ಇದ್ದರು. ಲಿಫ್ಟಿನಲ್ಲಿ ಆಗಲೂ ದಾರಿ ಬಿಡುತ್ತಿದ್ದರು, ಸಂಘದ ಎರಡು ಬಣಕ್ಕೂ ಒಪ್ಪಿಕೊಳ್ಳುತ್ತಿದ್ದರು. ಯಾರ್ಡಿನೊಳಗೆ ಮಾತ್ರ ಅವರ ಸೀಟಿ ಕೇಳಿದರೆ ಸುತ್ತಿಗೆಗಳು ಗಾಳಿಯಲ್ಲೇ ನಿಲ್ಲುತ್ತಿದ್ದವು.

ಕಡೆಯ ದಿನ ಯಾರ್ಡಿನಲ್ಲೇ ಬೀಳ್ಕೊಡುಗೆ. ನಮ್ಮನ್ನೂ ಕರೆದಿದ್ದರು. ರಿಪೇರಿಗೆ ನಿಂತ ದೊಡ್ಡ ಹಡಗು, ಅದರ ಮೈಯುದ್ದಕ್ಕೂ ಅಟ್ಟ, ಅಟ್ಟದ ತುಂಬ ಸಾಲುಸಾಲಾಗಿ ಕೆಲಸಗಾರರು. ಆ ಗ್ಯಾಂಗಿನ ಫೋರ್‌ಮನ್ ಬಿಹಾರದ ಅದೇ ಮನುಷ್ಯ. ಕಾಲು ಗುಣವಾದ ಮೇಲೆ ಆಯ್ತಣ್ಣ ಅವನನ್ನು ಇಲ್ಲಿಗೇ ಕರೆಸಿಕೊಂಡು, ಅಟ್ಟ ಕಟ್ಟುವ ತರಬೇತಿ ಕೊಡಿಸಿದ್ದರು. ಈಗ ಅವನೇ ಹಾರ ಹಿಡಿದು ಮುಂದೆ ಬಂದ.

ಹಾರಕ್ಕೆ ಕುತ್ತಿಗೆ ಒಡ್ಡುವ ಮೊದಲು ಆಯ್ತಣ್ಣ ಅಭ್ಯಾಸದಿಂದ ಮೇಲೆ ನೋಡಿದರು. ನೋಡಿದವರು ಸೀಟಿ ಊದಿದರು.

"ವೋ ತೀಸ್ರಾ ತಖ್ತಾ," ಮೂರನೆಯ ಸಾಲಿನ ಹಲಗೆಯೊಂದರ ಕಡೆ ಬೆರಳು ತೋರಿಸಿದರು. "ಬಾಂಧಾ ನಹೀಂ. ಸಬ್ ನೀಚೇ." ಕಟ್ಟಿಲ್ಲ, ಎಲ್ಲರೂ ಕೆಳಗಿಳೀರಿ ಅಂತ.

ಯಜಮಾನರು, ಅತಿಥಿಗಳು, ಸಮೋಸಾ ತಟ್ಟೆ ಹಿಡಿದವರು ಎಲ್ಲರೂ ನಿಂತಲ್ಲೇ ನಿಂತರು. ಫೋರ್‌ಮನ್ ಹಾರವನ್ನು ನನ್ನ ಕೈಗೆ ಕೊಟ್ಟು ಓಡಿದ. ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಇಳಿದರು. ಹಲಗೆಯನ್ನು ಮತ್ತೆ ಕಟ್ಟಿದರು. ಆಯ್ತಣ್ಣ ಏಣಿ ಹತ್ತಿ ಹೋಗಿ, ತಾವೇ ಅದನ್ನು ಅಲುಗಾಡಿಸಿ ನೋಡಿ, ಅಕ್ಕಪಕ್ಕದವನ್ನೂ ಅಲುಗಾಡಿಸಿ ನೋಡಿ ಇಳಿದರು. ಚಹಾ ಆರಿಹೋಗಿತ್ತು. ಬಿಸಿಲಿಗೆ ಎಲ್ಲರೂ ಬೆವೆತಿದ್ದೆವು. ಗೊಣಗಿದವರು ಒಬ್ಬರೂ ಇಲ್ಲ.

ಅವರು ಕೈಯೆತ್ತಿ ಸನ್ನೆ ಮಾಡಿದರು. ಕೆಲಸಗಾರರು ಮತ್ತೆ ಹತ್ತಿದರು. ಪ್ರತಿಯೊಬ್ಬನೂ ಮೊದಲು ಕೊಕ್ಕೆ ಸಿಕ್ಕಿಸಿ, ಎಳೆದು ನೋಡಿಕೊಂಡ. ಫೋರ್‌ಮನ್ ಎಲ್ಲರಿಗಿಂತ ಮೇಲಿನ ಸಾಲಿಗೆ ಹೋಗಿ ನಿಂತು, ಚಪ್ಪಾಳೆಯಂತೆ ತನ್ನ ಹೆಲ್ಮೆಟ್ ಬಡಿದ. ಆಗ ಆ ಅಟ್ಟದ ತುಂಬ ಹೆಲ್ಮೆಟ್ಟುಗಳ ಮೇಲೆ ಕೈ ಬಡಿಯುವ ಸದ್ದು ಎದ್ದಿತು, ಹಡಗಿನ ಕಬ್ಬಿಣ ಅದನ್ನು ಇಮ್ಮಡಿ ಮಾಡಿತು, ಆಚೆ ದಡದಲ್ಲಿ ನಿಂತಿದ್ದ ಟಗ್ ದೋಣಿಯವನು ಉದ್ದಕ್ಕೆ ಹಾರ್ನ್ ಊದಿದ. ಕೆಳಗೆ ಆಯ್ತಣ್ಣ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಒಂದೊಂದು ಸಾಲಿನ ಕೊಕ್ಕೆಗಳನ್ನೂ ಎಣಿಸುತ್ತಿದ್ದಂತೆ ಮೇಲೆ ನೋಡುತ್ತ ನಿಂತೇ ಇದ್ದರು.